ಪಾಟಣದ ಬಾವಿಯಲ್ಲಿ ಪ್ರಥಮ ಏಕಾದಶಿ

ನಮ್ಮ ಅತ್ತೆ ಪ್ರಥಮ ಏಕಾದಶಿಯ ದಿನ ನೀರು ಕೂಡ ಮುಟ್ಟುವುದಿಲ್ಲ. ಮದುವೆಯಾಗಿ ಬಂದ ವರ್ಷ ಹಿಡಿದ ನೇಮ. ಈಗ ಅವರಿಗೆ 72. ಹೋದ ಆಷಾಢದಲ್ಲಿ ಅವರನ್ನು ಸೋಮನಾಥಕ್ಕೆ ಕರೆದುಕೊಂಡು ಹೊರಟಾಗ ಏಕಾದಶಿ ದಾರಿಯಲ್ಲೇ ಬಂತು. "ಊರು ಬಿಟ್ಟು ಬಂದಿದ್ದೀವಿ, ಒಂದು ಲೋಟ ಹಾಲಾದರೂ ತಗೊಳ್ಳಿ ಅತ್ತೆ" ಅಂದೆ. "ಅವನು ಮಲಗೋ ದಿನ ಕಣೇ. ಇದೊಂದು ದಿನ ತಡೆಯೋಕೆ ಆಗಲ್ವಾ ನನಗೆ?" ಅಂದರು. ಆಮೇಲೆ ನಾನು ಒತ್ತಾಯ ಮಾಡಲಿಲ್ಲ.

ಸೋಮನಾಥ ಅವರ ಬಹಳ ದಿನದ ಆಸೆ. ಮಾವ ಇದ್ದಾಗಲೇ ಇಬ್ಬರೂ ಹೋಗಬೇಕಿತ್ತು. ಎರಡು ಸಲ ರೈಲಿಗೆ ಬುಕ್ ಮಾಡಿದರು, ಎರಡು ಸಲವೂ ಏನೋ ಅಡ್ಡ ಬಂತು. ಮಾವನ ವರ್ಷದ ಕಾರ್ಯ ಮುಗಿದ ಮೇಲೆ ಅತ್ತೆಯೇ ಬಾಯಿಬಿಟ್ಟು ಕೇಳಿದರು. ಹಾಗಾಗಿ ನಾವಿಬ್ಬರೇ ಹೊರಟೆವು.

ಅಹಮದಾಬಾದಿನಿಂದ ಪಾಟಣ ಉತ್ತರಕ್ಕೆ ನೂರಿಪ್ಪತ್ತು ಕಿಲೋಮೀಟರಿಗೂ ಜಾಸ್ತಿ. ಸೋಮನಾಥದ ದಾರಿಯೇ ಅಲ್ಲ, ಪೂರ್ತಿ ಬೇರೆ ದಿಕ್ಕು. ಆದರೂ ಹೋದದ್ದಕ್ಕೆ ಒಂದು ನೂರರ ನೋಟು ಕಾರಣ. ಹೊರಡುವ ಮುಂಚೆ ಅತ್ತೆ ದೇವರ ಹುಂಡಿಗೆ ಅಂತ ನೋಟುಗಳನ್ನು ಎಣಿಸಿ ಮಡಿಸುತ್ತಿದ್ದರು. 2018ರಲ್ಲಿ ಬಂದ ತಿಳಿ ನೇರಳೆ ಬಣ್ಣದ ನೋಟು. "ಹಿಂದುಗಡೆ ಇರೋದು ಯಾವ ದೇವಸ್ಥಾನ ಇದು?" ಅಂದರು. ದೇವಸ್ಥಾನ ಅಲ್ಲ ಅತ್ತೆ, ಬಾವಿ ಅಂದೆ. ಅವರು ನಂಬಲಿಲ್ಲ. ಹಾಗಿದ್ದರೆ ತೋರಿಸಿಯೇ ಬಿಡೋಣ ಅನಿಸಿತು.

ದಾರಿಯಲ್ಲಿ ಡ್ರೈವರ್ ಇವತ್ತು ದೇವಪೋಢಿ ಅಗಿಯಾರಸ್ ಅಂದ. ದೇವರು ಮಲಗುವ ಏಕಾದಶಿ. ನಮ್ಮ ಕಡೆಯ ಹಾಗೇ ಅಲ್ಲೂ ಅಂದಿನಿಂದ ಚಾತುರ್ಮಾಸ್ಯ. ಸ್ವಾಮಿ ಏಳುವುದು ಕಾರ್ತಿಕದಲ್ಲಿ, ಅಲ್ಲಿಯವರೆಗೆ ಮದುವೆ ಮುಂಜಿ ಇಲ್ಲ. ಅತ್ತೆಗೆ ಆ ಮಾತು ಕೇಳಿ ಎಷ್ಟು ಸಮಾಧಾನ ಆಯಿತು ಅಂದರೆ, ಯಾವುದೋ ನೆಂಟರ ಮನೆಗೆ ಬಂದಂತೆ ಸೀಟಿಗೆ ಒರಗಿ ಕೂತರು.

ನೋಟಿನ ಮೇಲಿರುವ ಪಾಟಣದ ಆ ಬಾವಿಯ ಹೆಸರು ರಾಣಿ ಕೀ ವಾವ್, ಅಂದರೆ ರಾಣಿಯ ಬಾವಿ. ವಾವ್ ಅನ್ನುವುದೂ ನಮ್ಮ ಬಾವಿ ಅನ್ನುವುದೂ ವಾಪಿ ಎನ್ನುವ ಒಂದೇ ಮಾತಿನಿಂದ ಬಂದವು. ಆದರೆ ನಮ್ಮ ಕಡೆಯ ಪುಷ್ಕರಣಿ, ಕಲ್ಯಾಣಿಗಳಲ್ಲಿ ದಡದಲ್ಲಿ ನಿಂತರೆ ನೀರು ಕಾಣುತ್ತದೆ. ಇಲ್ಲಿ ದೂರದಿಂದ ಏನೂ ಕಾಣುವುದಿಲ್ಲ. ಹುಲ್ಲುಹಾಸು, ಮರ, ಸಪಾಟು ನೆಲ. ಗೋಪುರ ಇಲ್ಲ, ಕಳಶ ಇಲ್ಲ. ಹತ್ತಿರ ಹೋದಾಗ ನೆಲವೇ ಬಾಯಿ ತೆರೆಯುತ್ತದೆ. ಸುಮಾರು 64 ಮೀಟರ್ ಉದ್ದ, 20 ಮೀಟರ್ ಅಗಲ, 27 ಮೀಟರ್ ಆಳ. ಪೂರ್ವದಿಂದ ಮೆಟ್ಟಿಲು ಇಳಿಯುತ್ತಾ ಹೋಗಬೇಕು, ಪಶ್ಚಿಮದ ಕೊನೆಯಲ್ಲಿ ದುಂಡಗಿನ ಬಾವಿ. ನಡುವೆ ಕಂಬಗಳ ಮಂಟಪ, ಮಂಟಪದ ಮೇಲೆ ಮಂಟಪ. ಒಟ್ಟು ಏಳು ಹಂತ.

ಅತ್ತೆಗೆ ಮಂಡಿ ನೋವು. ಒಂದೊಂದು ಮೆಟ್ಟಿಲಿಗೂ ಎರಡು ಕಾಲೂ ಇಟ್ಟು, ನನ್ನ ತೋಳು ಹಿಡಿದು ಇಳಿದರು. ಹಿಂದಿನ ರಾತ್ರಿ ಮಳೆ ಬಂದಿತ್ತು. ಕಲ್ಲಿನ ಸಂದಿನಲ್ಲಿ ಹಸಿ ಇತ್ತು. ಮೇಲೆ ಒಳ್ಳೆ ಸೆಕೆ. ಸ್ವಲ್ಪ ಇಳಿದ ಮೇಲೆ ಮುಖಕ್ಕೆ ತಣ್ಣಗೆ ಗಾಳಿ ತಾಗಿತು. ನಮ್ಮ ಊರಿನ ಹಳೇ ದೇವಸ್ಥಾನದಲ್ಲಿ ಗರ್ಭಗುಡಿಯ ಹೊಸ್ತಿಲ ಹತ್ತಿರ ಬರುತ್ತದಲ್ಲ, ಅದೇ ತಂಪು, ಅದೇ ಕಲ್ಲಿನ ವಾಸನೆ. ಅತ್ತೆ ತಕ್ಷಣ ಸೆರಗು ಸರಿಮಾಡಿಕೊಂಡರು. ಇದು ಬಾವಿ ಅನ್ನುವ ಮಾತು ಅಲ್ಲಿಗೆ ಅವರ ಮನಸ್ಸಿನಿಂದ ಹೋಯಿತು ಅಂತ ಕಾಣುತ್ತೆ.

ಎರಡೂ ಗೋಡೆಯ ತುಂಬ ಮೂರ್ತಿಗಳು. ದೊಡ್ಡವೇ ಐನೂರಕ್ಕೂ ಹೆಚ್ಚು, ಸಣ್ಣವು ಸಾವಿರಕ್ಕೂ ಮೇಲೆ. ಭೂದೇವಿಯನ್ನು ಎತ್ತಿದ ವರಾಹ, ವಾಮನ, ರಾಮ, ಬಲರಾಮ, ಬುದ್ಧ, ಕುದುರೆ ಏರಿದ ಕಲ್ಕಿ. ಅವುಗಳ ನಡುವೆ ಕನ್ನಡಿ ನೋಡಿಕೊಳ್ಳುವ, ಜಡೆ ಸರಿಮಾಡಿಕೊಳ್ಳುವ ಸುಂದರಿಯರು. ಕೆಲವು ಕಡೆ ಗೋಡೆಯ ಜಾಲಂಧ್ರದ ಕೆತ್ತನೆ ಥೇಟ್ ಪಾಟಣದ ಪಟೋಲ ಸೀರೆಯ ಹಾಗೆ.

ಅತ್ತೆ ನಿಂತದ್ದು ವಿಷ್ಣುವಿನ ಒಂದು ಮೂರ್ತಿಯ ಮುಂದೆ. ನಾವು ದಿನಾ ಕೇಶವಾಯ ನಮಃ, ನಾರಾಯಣಾಯ ನಮಃ ಅಂತ ಹೇಳುವ 24 ಹೆಸರುಗಳಿವೆಯಲ್ಲ, ಆ ಒಂದೊಂದು ಹೆಸರಿಗೂ ಒಂದೊಂದು ರೂಪ. ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿದೆ ಅನ್ನುವುದರ ಮೇಲೆ ಹೆಸರು ಗೊತ್ತಾಗುತ್ತದೆ. ಅಂಥ ರೂಪಗಳು ಈ ಗೋಡೆಗಳ ಮೇಲೆ ಸಾಲಾಗಿ ನಿಂತಿವೆ. ಅತ್ತೆ ಬೆರಳು ಮಡಿಸುತ್ತಾ ಬಾಯಲ್ಲೇ ಹೆಸರು ಹೇಳಿಕೊಂಡರು. ಐವತ್ತು ವರ್ಷ ನಾಲಿಗೆ ಮೇಲೆ ಇದ್ದ ಹೆಸರುಗಳು ಕಣ್ಣಿಗೆ ಕಾಣುತ್ತಿದ್ದವು. ಆ ಕಡೆ ಈ ಕಡೆ ಜನ ಫೋನು ಹಿಡಿದು ಓಡಾಡುತ್ತಿದ್ದರು. ಅತ್ತೆಗೆ ಯಾರೂ ಕಾಣಲಿಲ್ಲ.

ಕೊನೆಯವರೆಗೆ ಇಳಿಯಲು ಈಗ ಬಿಡುವುದಿಲ್ಲ. ಒಂದು ಕಡೆ ತಡೆ ಹಾಕಿದ್ದಾರೆ. ಅದೂ ಸರಿಯೇ, ಇಷ್ಟು ಹಳೆಯ ಕಟ್ಟಡ ಉಳಿಯಬೇಕಲ್ಲ. ಅಲ್ಲಿಂದಲೇ ಕಂಬಗಳ ಸಾಲಿನ ನಡುವೆ ನೇರ ನೋಡಿದೆವು. ಎದುರಿಗೆ ಬಾವಿಯ ಗೋಡೆಯಲ್ಲಿ ಶೇಷನ ಮೇಲೆ ಸ್ವಾಮಿ ಮಲಗಿದ್ದಾನೆ.

ಅತ್ತೆ ಮಾತಾಡಲಿಲ್ಲ. ನನಗೂ ಮಾತು ಬರಲಿಲ್ಲ. ದೇವರು ಮಲಗುವ ದಿನ, ಅವನು ಮಲಗಿದ ಮನೆಗೇ ಬಂದು ನಿಂತಿದ್ದೆವು. ನಾವು ದಿನ ನೋಡಿ ಬಂದದ್ದಲ್ಲ. ಕಾರು ಸಿಕ್ಕ ದಿನ ಬಂದಿದ್ದೆವು ಅಷ್ಟೇ. ಆದರೆ ಕರೆಸಿಕೊಳ್ಳುವವನು ಅವನು ಅಂತ ನಾನು ಅವತ್ತು ಮನಸಾರೆ ಒಪ್ಪಿಕೊಂಡೆ.

ಶೇಷಶಾಯಿಯ ಮೂರ್ತಿ ಅಲ್ಲಿ ಒಂದೇ ಅಲ್ಲ. ಬಾವಿಯ ಗೋಡೆಯಲ್ಲಿ ಒಂದರ ಮೇಲೊಂದು ಹಂತದಲ್ಲಿ ಮತ್ತೆ ಮತ್ತೆ ಕೆತ್ತಿದ್ದಾರೆ. ಯಾಕೆ ಅಂತ ಯೋಚನೆ ಮಾಡಿ. ಬಾವಿಯ ನೀರು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಏರುತ್ತೆ, ಬೇಸಿಗೆಯಲ್ಲಿ ಇಳಿಯುತ್ತೆ. ಎಷ್ಟು ಏರಿದರೂ ಎಷ್ಟು ಇಳಿದರೂ ನೀರಿನ ಅಂಚಿನಲ್ಲಿ ಒಬ್ಬ ಸ್ವಾಮಿ ಮಲಗಿರಬೇಕು. ಕೊಡ ಹಿಡಿದು ಬಂದ ಹೆಂಗಸು ಯಾವ ತಿಂಗಳು ಬಂದರೂ ಅವಳಿಗೆ ಕ್ಷೀರಸಾಗರ ಸಿಗಬೇಕು. ಹಾಗೆ ಯೋಚಿಸಿ ಕಟ್ಟಿದವರ ಕೈಗೆ ನಾನು ಅಲ್ಲೇ ನಮಸ್ಕಾರ ಮಾಡಿದೆ.

ಅತ್ತೆ ಮನೆಯಿಂದ ತಂದ ತುಳಸಿ ದಳ ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದರು. ಎರಡು ದಿನದಲ್ಲಿ ಬಾಡಿ ಕಪ್ಪಾಗಿತ್ತು. ಇಲ್ಲಿ ಪೂಜೆ ಇಲ್ಲ, ಏನೂ ಇಡುವ ಹಾಗಿಲ್ಲ. ಗಂಟು ಬಿಚ್ಚಿ, ದಳವನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಂತರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಬೆಳಗಿನಿಂದ ಒಂದು ಹನಿ ನೀರು ಇಲ್ಲ. ಸಾವಿರ ವರ್ಷದಷ್ಟು ಹಿಂದೆ ನೀರಿಗಾಗಿಯೇ ಕಟ್ಟಿದ ಮನೆಯಲ್ಲಿ ಅವರು ಒಣ ಬಾಯಲ್ಲಿ ನಾರಾಯಣ ನಾರಾಯಣ ಅನ್ನುತ್ತಿದ್ದರು. ಆಮೇಲೆ ದಳವನ್ನು ಮತ್ತೆ ಗಂಟಿಗೆ ಕಟ್ಟಿದರು.

ಮೇಲೆ ಬಂದು ಬೇವಿನ ಮರದ ಕೆಳಗೆ ಕೂತಾಗ "ಯಾವ ರಾಣಿ ಕಟ್ಟಿಸಿದ್ದು?" ಅಂತ ಕೇಳಿದರು.

ಉದಯಮತಿ. ಸೌರಾಷ್ಟ್ರದ ಚೂಡಾಸಮ ಮನೆತನದ ಹೆಣ್ಣು. ಗಂಡ ಸೋಲಂಕಿ ವಂಶದ ಒಂದನೇ ಭೀಮದೇವ, ಸುಮಾರು 1022ರಿಂದ 1064ರವರೆಗೆ ಆಳಿದವನು. ಘಜ್ನಿಯ ಮಹಮೂದ್ ಸೋಮನಾಥವನ್ನು ಒಡೆದದ್ದು ಇವನ ಕಾಲದಲ್ಲೇ. ಮೊಢೇರಾದ ಸೂರ್ಯ ದೇವಾಲಯ ಎದ್ದದ್ದೂ ಇವನ ಕಾಲದಲ್ಲೇ. ಗಂಡ ತೀರಿಹೋದ ಮೇಲೆ ಅವನ ನೆನಪಿಗೆ ರಾಣಿ ಈ ಬಾವಿ ಕಟ್ಟಿಸಿದಳು ಅಂತ ಹೇಳುತ್ತಾರೆ.

ಅತ್ತೆ ಸ್ವಲ್ಪ ಹೊತ್ತು ಸುಮ್ನೆ ಕೂತರು. "ಗಂಡ ಹೋದ ಮೇಲೆ ಬಾವಿ ತೋಡಿಸಿದಳಾ" ಅಂದರು. ಪ್ರಶ್ನೆ ಅಲ್ಲ ಅದು. ಮಾವ ಹೋದ ಮೇಲೆ ಈ ಒಂದು ವರ್ಷ ಅವರು ಮಾವನ ಹೆಸರು ಎತ್ತಿದ್ದೇ ಕಡಿಮೆ. ದುಃಖ ಒಳಗೇ ಇಟ್ಟುಕೊಳ್ಳುವ ಹೆಂಗಸು. ಆವತ್ತು ಆ ಮರದ ಕೆಳಗೆ, "ನಿಮ್ಮ ಮಾವ ಬೆಳಿಗ್ಗೆ ಐದಕ್ಕೆ ರಾಟೆ ಕಿರ್‌ಗುಟ್ಟಿಸೋರು. ಅದೇ ನನಗೆ ಅಲಾರಂ" ಅಂದರು. ಊರಿನ ಮನೆಯ ಹಿತ್ತಲಲ್ಲಿ ಮಾವ ನಿಂತು ತೋಡಿಸಿದ ಬಾವಿ ಇದೆ. ದೇವರ ಪೂಜೆಗೆ ಮಡಿ ನೀರು ಅದರಿಂದಲೇ ಸೇದುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಅದಕ್ಕೆ ಜಾಲರಿ ಬಿತ್ತು.

ಉದಯಮತಿಯ ಸೊಸೆಯ ವಿಷಯವನ್ನೂ ಹೇಳಿದೆ. ಯಾಕೆಂದರೆ ಅವಳು ನಮ್ಮ ಕಡೆಯ ಹುಡುಗಿ. ಹೆಸರು ಮಯಣಲ್ಲದೇವಿ, ಗುಜರಾತಿನಲ್ಲಿ ಮೀನಳದೇವಿ ಅನ್ನುತ್ತಾರೆ. ಗೋವೆಯ ಕದಂಬ ದೊರೆ ಜಯಕೇಶಿಯ ಮಗಳು. ಕನ್ನಡದಲ್ಲಿ ಶಾಸನ ಬರೆಸಿದ ಮನೆತನ ಅದು. ಹಳೆಯ ಜೈನ ಕಥೆಗಳ ಪ್ರಕಾರ ಅವಳು ಉದಯಮತಿಯ ಮಗ ಕರ್ಣನನ್ನೇ ಮದುವೆಯಾಗುತ್ತೇನೆ ಅಂತ ಪಾಟಣಕ್ಕೆ ಬಂದಳು. ಹುಡುಗಿ ಚೆನ್ನಾಗಿಲ್ಲ ಅಂತ ಕರ್ಣ ಒಪ್ಪಲಿಲ್ಲ. ಆಗ ಅತ್ತೆಯಾಗುವವಳೇ ಎದ್ದು ನಿಂತು, ಈ ಹುಡುಗಿ ಪ್ರಾಣ ಬಿಟ್ಟರೆ ಅವಳ ಜೊತೆ ನನ್ನ ಪ್ರಾಣವೂ ಹೋಗುತ್ತೆ ಅಂತ ಮಗನನ್ನು ಒಪ್ಪಿಸಿದಳಂತೆ. ಆ ಸೊಸೆಯ ಮಗನೇ ಸಿದ್ಧರಾಜ ಜಯಸಿಂಹ. ಇದೇ ಪಾಟಣದಲ್ಲಿ, ಸರಸ್ವತಿ ನದಿಯ ನೀರು ತಂದು ಸಹಸ್ರಲಿಂಗ ಕೆರೆ ಮಾಡಿಸಿದವನು.

ಮುಂದಿನ ಕಥೆ ಹೇಳುವಾಗ ನನಗೇ ಗಂಟಲು ಕಟ್ಟಿತು. ಸೋಮನಾಥಕ್ಕೆ ಹೋಗುವ ಯಾತ್ರಿಕರ ಮೇಲೆ ಆಗ ಸುಂಕ ಇತ್ತು. ಕೊಡಲಾಗದವರು ಅಳುತ್ತಾ ಹಿಂದಿರುಗುತ್ತಿದ್ದರು. ಮಯಣಲ್ಲದೇವಿ ಅದನ್ನು ಕಣ್ಣಾರೆ ನೋಡಿ, ಮಗನಿಗೆ ಹೇಳಿ, ಆ ಸುಂಕವನ್ನೇ ತೆಗೆಸಿದಳು. ನಾವು ಮರುದಿನ ಹೋಗಬೇಕಾದ ದಾರಿ ಅದೇ. ಒಬ್ಬ ಅತ್ತೆ ನೀರು ಕೊಟ್ಟಳು, ಅವಳ ಸೊಸೆ ದಾರಿ ಬಿಡಿಸಿಕೊಟ್ಟಳು.

ವಿಜಯನಗರ ಕಾಲದ ಲಕ್ಷ್ಮೀಧರ ಮಂತ್ರಿಯ ಶಾಸನ ನೆನಪಾಯಿತು. ತಾಯಿ ಹಾಲು ಕುಡಿಸುವಾಗಲೇ ಮಗುವಿನ ಕಿವಿಯಲ್ಲಿ ಕೆರೆ ಕಟ್ಟಿಸು, ಬಾವಿ ತೋಡಿಸು, ದೇವಸ್ಥಾನ ಮಾಡಿಸು ಅಂತ ಹೇಳಿಕೊಟ್ಟಳು ಅನ್ನುತ್ತದೆ ಅದು. ಮೊದಲು ಕೆರೆ, ಆಮೇಲೆ ಬಾವಿ, ದೇವಸ್ಥಾನ ಅದಾದ ಮೇಲೆ. ಈ ಕ್ರಮ ನನಗೆ ಬಹಳ ಇಷ್ಟ. ಪಾಟಣದ ರಾಣಿ ಬಾವಿ, ದೇವಸ್ಥಾನ ಎರಡನ್ನೂ ಒಂದೇ ಗುಂಡಿಯಲ್ಲಿ ಮಾಡಿದಳು.

ಅಷ್ಟರಲ್ಲಿ ಪುಟ್ಟ ಹುಡುಗಿಯರ ಒಂದು ಗುಂಪು ಬಂತು. ಹೊಸ ಬಟ್ಟೆ, ಕೈ ತುಂಬ ಮೆಹೆಂದಿ. ಅವರ ಅಮ್ಮಂದಿರು ಗೌರಿ ವ್ರತ ಅಂದರು. ಆಷಾಢ ಏಕಾದಶಿಯಿಂದ ಹುಣ್ಣಿಮೆಯವರೆಗೆ ಐದು ದಿನ. ಪುಟ್ಟ ಕುಂಡದಲ್ಲಿ ಧಾನ್ಯದ ಮೊಳಕೆ ಬರಿಸಿ ಪೂಜೆ ಮಾಡುತ್ತಾರೆ, ಐದು ದಿನ ಉಪ್ಪು ಮುಟ್ಟುವುದಿಲ್ಲ. ಕೆಳಗೆ ಬಾವಿಯ ಗೋಡೆಯಲ್ಲಿ ಬೆಂಕಿಗಳ ನಡುವೆ ತಪಸ್ಸಿಗೆ ನಿಂತ ಪಾರ್ವತಿಯನ್ನು ನೋಡಿ ಬಂದಿದ್ದೆವು. ಏಳೆಂಟು ವರ್ಷದ ಒಬ್ಬಳು ಅಮ್ಮನ ಬಾಟಲಿಯಿಂದ ನೀರು ಕುಡಿದು ಅತ್ತೆಗೂ ಚಾಚಿದಳು. ಅತ್ತೆ ತೆಗೆದುಕೊಳ್ಳಲಿಲ್ಲ. ಅವಳ ತಲೆ ಮೇಲೆ ಕೈ ಇಟ್ಟು ಕನ್ನಡದಲ್ಲೇ ಏನೋ ಹರಸಿದರು. ಮಗುವಿಗೆ ಅರ್ಥ ಆಯಿತು ಅಂತ ನನಗೆ ಅನಿಸಿತು.

ಹೊರಡುವಾಗ ಅತ್ತೆ ಒಂದು ಪ್ರಶ್ನೆ ಕೇಳಿದರು. "ಇಷ್ಟು ವರ್ಷ ಆದರೂ ಮೂಗು, ಬೆರಳು ಅಷ್ಟು ಸ್ಪಷ್ಟ ಉಳಿದಿದೆಯಲ್ಲ, ಹೇಗೆ?"

ಹೂಳಿನಿಂದ. ಸರಸ್ವತಿ ನದಿಯ ಪ್ರವಾಹ ಬಂದು ಇಡೀ ವಾವ್ ಮಣ್ಣಿನಲ್ಲಿ ಮುಚ್ಚಿಹೋಗಿತ್ತು. ಶತಮಾನಗಟ್ಟಲೆ ಹಾಗೇ ಇತ್ತು. ಪುರಾತತ್ವ ಇಲಾಖೆಯವರು ಹೂಳು ತೆಗೆದು, ಕಲ್ಲು ಜೋಡಿಸಿ, ಜೀರ್ಣೋದ್ಧಾರ ಮುಗಿಸಿದ್ದು 1980ರ ದಶಕದಲ್ಲಿ. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಣ್ಣೊಳಗೆ ಇದ್ದದ್ದರಿಂದಲೇ ಬಿಸಿಲು, ಮಳೆ, ಕೈ ಯಾವುದೂ ತಾಗದೆ ಎಷ್ಟೋ ಮೂರ್ತಿಗಳು ಉಳಿದವು. ಅಷ್ಟೂ ಕಾಲ ಸ್ವಾಮಿ ಆ ಕತ್ತಲಲ್ಲಿ ಶೇಷನ ಮೇಲೆ ಹಾಗೇ ಮಲಗಿದ್ದ. ಮೇಲೆ ಜನ ಓಡಾಡುತ್ತಿದ್ದರು, ದನ ಮೇಯುತ್ತಿದ್ದವು. ನಮ್ಮ ಲೆಕ್ಕದ ನಾಲ್ಕು ತಿಂಗಳ ನಿದ್ದೆ ಅಲ್ಲಿ ಎಷ್ಟು ದೊಡ್ಡದಾಯಿತು ನೋಡಿ.

ಮರುದಿನ ದ್ವಾದಶಿ. ಪಾಟಣದ ಲಾಡ್ಜಿನಲ್ಲಿ ಅತ್ತೆ ನಾಲ್ಕೂವರೆಗೇ ಎದ್ದು ಸ್ನಾನ ಮಾಡಿದರು. ಸೂರ್ಯ ಹುಟ್ಟಿದ ಮೇಲೆ ಸಣ್ಣ ತಾಮ್ರದ ಪಂಚಪಾತ್ರೆಯಲ್ಲಿ ನೀರು ತುಂಬಿ, ಆ ಬಾಡಿದ ತುಳಸಿ ದಳವನ್ನೇ ಅದರಲ್ಲಿ ಬಿಟ್ಟರು. ಸ್ವಲ್ಪ ಹೊತ್ತು ಕೈ ಮುಗಿದು, ಉದ್ಧರಣೆಯಲ್ಲಿ ಮೂರು ಸಲ ತೀರ್ಥ ತೆಗೆದುಕೊಂಡರು. ಮೊದಲ ಸಲದ ನೀರನ್ನು ತಕ್ಷಣ ನುಂಗಲಿಲ್ಲ. ಬಾಯಲ್ಲೇ ಇಟ್ಟುಕೊಂಡಿದ್ದರು. ನನಗೂ ಕೊಟ್ಟರು.

ಬ್ಯಾಗು ಕಟ್ಟುವಾಗ, "ನಮ್ಮ ಹಿತ್ತಲ ಬಾವಿಗೆ ತೆಂಗಿನ ಗರಿ ಎಲ್ಲ ಬಿದ್ದು ಎಷ್ಟು ಹೂಳು ತುಂಬಿದೆಯೋ" ಅಂದರು.

"ತೆಗೆಸೋಣ ಅತ್ತೆ, ಊರಿಗೆ ಹೋದ ತಕ್ಷಣ."

"ಈಗ ಮಳೆಗಾಲ, ಇಳಿಯೋಕೆ ಆಗಲ್ಲ ಕಣೇ. ಚೈತ್ರ ಕಳೀಲಿ, ನೀರು ಪೂರ್ತಿ ತಳಕ್ಕೆ ಹೋಗಲಿ. ಮೊದಲು ಆ ಜಾಲರಿ ಬಿಚ್ಚಿಸು. ರಾಟೆ ಅಟ್ಟದ ಮೇಲೇ ಇದೆ."