ಅಪ್ಪ, ನಾನು, ಒಂದು ಸೈಡ್ ಬ್ಯಾಗ್

ದಾವಣಗೆರೆ
15 ಜೂನ್ 2025, ಭಾನುವಾರ

ಗುರುವಾರ ಚನ್ನಗಿರಿ ಕಡೆಯಿಂದ ಬರುವಾಗ ದಾರಿಯಲ್ಲೇ ಮಳೆ ಹಿಡಿಯಿತು. ನಾನು ನೆಂದಿದ್ದಕ್ಕೆ ಬೇಜಾರಿಲ್ಲ. ಬ್ಯಾಗಿನಲ್ಲಿ ಮೂವರು ರೈತರ ಪಹಣಿ, ಆಧಾರ್ ಜೆರಾಕ್ಸ್, ಸಹಿ ಹಾಕಿದ ಅರ್ಜಿ ಇದ್ದವು. ಮನೆಗೆ ಬಂದು ತೆಗೆದರೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಹಿಟ್ಟಿನ ಥರ ಆಗಿದ್ದವು. ಒಬ್ಬ ಅಜ್ಜನಿಂದ ಮತ್ತೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಕು. ಅದಕ್ಕೆ ಮತ್ತೆ 50 ಕಿಲೋಮೀಟರ್ ಹೋಗಬೇಕು.

ಆ ಬ್ಯಾಗ್ ಕೊಳ್ಳುವಾಗ ಅಂಗಡಿಯವನು 'ಫುಲ್ ವಾಟರ್‌ಪ್ರೂಫ್ ಸಾರ್' ಅಂದಿದ್ದ. ಸುಳ್ಳೇನೂ ಅಲ್ಲ. ಬಟ್ಟೆಯ ಒಳಮೈಗೆ ಲೇಪ ಇತ್ತು, ಬಟ್ಟೆಯಿಂದ ನೀರು ಇಳಿದಿರಲಿಲ್ಲ. ಇಳಿದದ್ದು ಜಿಪ್ಪಿನ ಹಲ್ಲುಗಳ ಸಂದಿನಿಂದ, ಹೊಲಿಗೆಯ ತೂತುಗಳಿಂದ. ಗೋಡೆ ಗಟ್ಟಿ ಇದ್ದು ಚಾವಣಿ ಸೋರಿದ ಹಾಗೆ. ಮೇಲೆ ಮುಚ್ಚುವ ಮಡಿಕೆ ಇದ್ದಿದ್ದರೆ ಜಿಪ್ಪಿನ ಮೇಲೆ ನೀರೇ ಬೀಳುತ್ತಿರಲಿಲ್ಲ. ಕಾಗದಗಳನ್ನು ರಟ್ಟಿನ ಫೈಲಿನಲ್ಲಿ ಇಟ್ಟದ್ದು ನನ್ನ ತಪ್ಪು. ಅದನ್ನೂ ಒಪ್ಪಿಕೊಳ್ಳಬೇಕು.

ನನ್ನದು ಹನಿ ನೀರಾವರಿ ಕೆಲಸ. ಅಡಿಕೆ ತೋಟಕ್ಕೆ ಹೋಗಿ ಅಳತೆ ಮಾಡುವುದು, ಸಬ್ಸಿಡಿ ಅರ್ಜಿ ತುಂಬಿಸುವುದು, ಆಮೇಲೆ ಎಲ್ಲಾದರೂ ಪೈಪ್ ಸೋರಿದರೆ ಬೈಸಿಕೊಳ್ಳುವುದು. ದಿನಕ್ಕೆ ಹತ್ತು ಸಲ ನಿಂತ ಕಾಲಲ್ಲೇ ಬ್ಯಾಗಿಗೆ ಕೈ ಹಾಕುತ್ತೇನೆ. ಬೆನ್ನಿಗೆ ಹಾಕುವ ಬ್ಯಾಗ್ ಒಂದು ವರ್ಷ ನೋಡಿದೆ. ಪ್ರತಿ ಸಲ ಇಳಿಸಬೇಕು, ತೋಟದ ಕೆಸರಿನಲ್ಲಿ ಇಡಬೇಕು. ಬೇಸಿಗೆಯಲ್ಲಿ ಬೆನ್ನೆಲ್ಲ ಬೆವರು. ಸೈಡ್ ಬ್ಯಾಗ್ ಆದರೆ ಮುಂದಕ್ಕೆ ಎಳೆದುಕೊಂಡು ಅದರ ಮೇಲೇ ಬಿಲ್ ಬರೆಯಬಹುದು.

ನಿನ್ನೆ ರಾತ್ರಿ ಹಳೆಯ ಬ್ಯಾಗನ್ನು ಚಾಪೆಯ ಮೇಲೆ ಸುರಿದೆ. ಅದಕ್ಕೂ ಮುಂಚೆ, ತುಂಬಿದ್ದ ಹಾಗೆಯೇ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದ್ದೆ. 4 ಕೆ.ಜಿ. 300 ಗ್ರಾಂ! ಇಷ್ಟನ್ನು ಒಂದೇ ಹೆಗಲಿಗೆ ಹಾಕಿಕೊಂಡು ಓಡಾಡಿ, ಎಡಗಡೆ ಕತ್ತು ಯಾಕೆ ನೋಯುತ್ತೆ ಅಂತ ಮುಲಾಮು ಹಚ್ಚುತ್ತಿದ್ದೆ.

ಒಳಗೆ ಏನಿತ್ತು ಅಂದರೆ: ಟ್ಯಾಬ್, ಬಿಲ್ ಬುಕ್, 30 ಮೀಟರ್ ಟೇಪು, ಪ್ರೆಶರ್ ಗೇಜು, ಪೈಪಿಗೆ ತೂತು ಮಾಡುವ ಪಂಚ್. ಇವು ಬೇಕು. ಇನ್ನು ಎರಡು ಹಿಡಿ ಜಾಯಿನರ್, ಎಂಡ್ ಕ್ಯಾಪು, ವಾಷರ್. ಹೋದ ವರ್ಷದ ಕ್ಯಾಲೆಂಡರ್. ಕಡ್ಡಿ ಮುರಿದ ಕೊಡೆ. ಯಾವ ಫೋನಿಗೂ ಆಗದ ಎರಡು ಚಾರ್ಜರ್. ಮದುವೆ ಕಾರ್ಡು ನಾಲ್ಕು, ಅದರಲ್ಲಿ ಒಂದು ಮದುವೆಗೆ ನಾನು ಹೋಗೇ ಇಲ್ಲ. ತಳದಲ್ಲಿ ಮೆತ್ತಗಾದ ಮಂಡಕ್ಕಿ. ಬೇಡದ್ದೆಲ್ಲ ತೆಗೆದು, ಊಟದ ಡಬ್ಬಿ, ಅರ್ಧ ಲೀಟರಿನ ನೀರಿನ ಬಾಟಲಿ ಸೇರಿಸಿ ಮತ್ತೆ ತೂಗಿದೆ. 2 ಕೆ.ಜಿ. 400. ಬ್ಯಾಗ್ ದೊಡ್ಡದಿತ್ತು, ಅದಕ್ಕೇ ತುಂಬಿಕೊಂಡಿತ್ತು ಅಷ್ಟೆ.

ಹಾಗಾಗಿ ಈ ಸಲ ಅಳತೆ ಮೊದಲು, ಅಂಗಡಿ ಆಮೇಲೆ. ಎ4 ಹಾಳೆ 21 ಸೆಂ.ಮೀ. ಅಗಲ, 29.7 ಉದ್ದ. ಆದರೆ ಹಾಳೆಯ ಅಳತೆ ನೋಡಿ ಬ್ಯಾಗ್ ತಂದರೆ ಮೋಸ ಹೋಗುತ್ತೇವೆ. ಹಾಳೆ ಇಡುವ ಪ್ಲಾಸ್ಟಿಕ್ ಬಟನ್ ಫೋಲ್ಡರ್ 33 ಸೆಂ.ಮೀ. ಬಂತು. ಹಾಗಾದರೆ ಬ್ಯಾಗಿನ ಒಳಗೆ 34 ಇರಲೇಬೇಕು. ಎತ್ತರ 26, ದಪ್ಪ 10 ಸಾಕು. ಗುಣಿಸಿದರೆ ಸುಮಾರು 9 ಲೀಟರ್. ಹಳೆಯದರ ಚೀಟಿಯಲ್ಲಿ 16 ಲೀಟರ್ ಅಂತ ಇತ್ತು.

ಬೆಳಿಗ್ಗೆ ಹೊರಟಾಗ ಅಪ್ಪನೂ ಬಂದರು. ಅವರ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು, ಅದಕ್ಕೆ. ಅಪ್ಪ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ಸ್ಪಿನ್ನಿಂಗಿನಲ್ಲಿ 22 ವರ್ಷ ಇದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದ ಪಳೆಯುಳಿಕೆ. ಅಪ್ಪ ಡ್ಯೂಟಿಗೆ ಒಯ್ಯುತ್ತಿದ್ದದ್ದು ಅಮ್ಮ ಹೊಲಿದ ಬಟ್ಟೆಯ ಕೈಚೀಲ. ರೊಟ್ಟಿ, ಪಲ್ಯ, ಎಲೆ-ಅಡಿಕೆ, ಅಷ್ಟೆ.

"ಸೈಡ್ ಬ್ಯಾಗ್ ಯಾಕಲೇ? ಜೋಳಿಗೆ ಹಾಕ್ಕೊಂಡು ಹೊರಟಂಗೆ ಇರುತ್ತೆ" ಅಂದರು ಗಾಡಿ ಹತ್ತುತ್ತಾ.

ಅವರ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಕಡೆ ಗಂಡಸು ಹೆಗಲಿಗೆ ಚೀಲ ಹಾಕಿದರೆ ಒಂದೋ ಜಂಗಮ, ಇಲ್ಲ ಜುಬ್ಬ ಹಾಕಿದ ಸಾಹಿತಿ. ನನ್ನ ಗೆಳೆಯನೊಬ್ಬ 'ಲೇಡೀಸ್ ಬ್ಯಾಗಾ' ಅಂತ ಕೇಳಿದ್ದೂ ಉಂಟು. ಅವನ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಪರ್ಸು ಇರುತ್ತೆ. ಗಾಡಿಯ ಮೇಲೆ ಸೊಟ್ಟಗೆ ಕೂರುತ್ತಾನೆ.

ಭಾನುವಾರ ಆದ್ದರಿಂದ ಮಂಡಿಪೇಟೆಯಲ್ಲಿ ಅರ್ಧ ಬಾಗಿಲು ಮುಚ್ಚಿದ್ದವು. ಮೊದಲ ಅಂಗಡಿಯಲ್ಲಿ ತೋರಿಸಿದ್ದೆಲ್ಲ ರೆಗ್ಜಿನ್ನು. ನೋಡೋಕೆ ಚರ್ಮದ ಥರ ಮಿಂಚುತ್ತೆ, 450 ರೂಪಾಯಿ. ನನ್ನ ತಂಗಿಯ ಬ್ಯಾಗ್ ಇದೇ ಜಾತಿಯದು. ಗಾಳಿಯ ತೇವಕ್ಕೇ ಮೇಲಿನ ಪದರ ಎರಡು ವರ್ಷದಲ್ಲಿ ಹೊಪ್ಪಳೆ ಎದ್ದು, ಅವಳ ಸೀರೆಗೆಲ್ಲ ಕರಿ ಚೂರು ಅಂಟುತ್ತಿತ್ತು. ಬೇಡ ಅಂದೆ. ಅಸಲಿ ಚರ್ಮದ್ದು 3,800. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಖಾಲಿ ಬ್ಯಾಗೇ ಒಂದು ಕೆ.ಜಿ. ಮೇಲಿತ್ತು. ಮಳೆಗೆ ಅದನ್ನು ಮಗುವಿನ ಥರ ನೋಡಿಕೊಳ್ಳಬೇಕು. ನನ್ನ ಕೈಲಿ ಆಗಲ್ಲ.

ಎರಡನೇ ಅಂಗಡಿಯಲ್ಲಿ ಮನಸ್ಸು ನಿಂತದ್ದು ಒಂದು ಖಾಕಿ ಕ್ಯಾನ್ವಾಸ್ ಬ್ಯಾಗಿನ ಮೇಲೆ. ದಪ್ಪ ಹತ್ತಿ, ಹಿತ್ತಾಳೆ ಬಕಲ್, 1,150. ಅಪ್ಪನಿಗೂ ಇಷ್ಟ ಆಗುತ್ತೆ ಅಂದುಕೊಂಡು ಅವರ ಕೈಗೆ ಕೊಟ್ಟೆ. ಅವರು ಹೆಬ್ಬೆರಳಿನಿಂದ ಉಜ್ಜಿದರು, ಬೆಳಕಿಗೆ ಹಿಡಿದರು, ಅಂಚಿನಿಂದ ಒಂದು ಎಳೆ ಎಳೆದರು. ಅಂಗಡಿಯವನ ಮುಖ ಸಣ್ಣಗಾಯಿತು.

"ನೂಲು ಚೆನ್ನಾಗೈತೆ. ಹತ್ತಿ ನೆಂದರೆ ಬಲ ಇನ್ನೂ ಜಾಸ್ತಿ. ಆದ್ರೆ ನೀರು ಕುಡಿಯುತ್ತಲೇ. ಭಾರ ಆಗುತ್ತೆ. ಒಣಗಾಕೆ ಎರಡು ದಿನ ಬೇಕು. ನೀನು ದಿನಾ ಒಯ್ಯೋನು, ಎರಡು ದಿನ ಎಲ್ಲಿಂದ ತರ್ತೀಯಾ?"

ಜೀವನವೆಲ್ಲ ಹತ್ತಿಯ ಧೂಳು ಕುಡಿದ ಮನುಷ್ಯ ಹತ್ತಿ ಬೇಡ ಅಂದರು. ನನಗೆ ಒಂದು ಕ್ಷಣ ಏನು ಹೇಳಬೇಕೋ ತೋಚಲಿಲ್ಲ.

ಅಂಗಡಿಯವನು ಆಗ ಪಾಲಿಯೆಸ್ಟರ್ ಬ್ಯಾಗ್ ಇಳಿಸಿದ. "600 ಡೀನಿಯರ್ ಇದು ಯಜಮಾನ್ರೇ, ಗಟ್ಟಿ."

"ಆರುನೂರಾ? ಅಷ್ಟು ಸಣ್ಣ ನೂಲು ಇಟ್ಟುಕೊಂಡು ಬ್ಯಾಗ್ ಮಾಡ್ತಾರೇನಪ್ಪಾ?" ಅಂದರು ಅಪ್ಪ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಇಬ್ಬರೂ ಸರಿಯೇ, ಅದೇ ಮಜಾ. ಗಿರಣಿಯ ಲೆಕ್ಕ ಕೌಂಟಿನದು. 40 ಕೌಂಟ್ ಅಂದರೆ ಒಂದು ಪೌಂಡ್ ತೂಕದಲ್ಲಿ 840 ಗಜದ 40 ಲಡಿ ನೂಲು. ನಂಬರ್ ಏರಿದಷ್ಟೂ ನೂಲು ಸಣ್ಣ. ಡೀನಿಯರ್ ಉಲ್ಟಾ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೋ ಅದೇ ಡೀನಿಯರ್. ಹಾಗಾಗಿ ನಂಬರ್ ಏರಿದಷ್ಟೂ ನೂಲು ದಪ್ಪ. ಫೋನಿನಲ್ಲಿ ಲೆಕ್ಕ ಹಾಕಿದೆ. 600 ಡೀನಿಯರ್ ಅಂದರೆ ಅಪ್ಪನ ಲೆಕ್ಕದಲ್ಲಿ ಹೆಚ್ಚುಕಮ್ಮಿ 9 ಕೌಂಟ್.

"ಒಂಬತ್ತು! ಜಮಖಾನೆ ನೂಲು ಅನ್ನು ಹಂಗಾದ್ರೆ. ತಗೋ ತಗೋ."

ನೈಲಾನಿನದೂ ಒಂದಿತ್ತು, ಜಾಸ್ತಿ ಬೆಲೆ. ಅಷ್ಟೇ ದಪ್ಪದ ನೂಲಾದರೆ ಉಜ್ಜಾಟಕ್ಕೆ ನೈಲಾನೇ ಗಟ್ಟಿ. ಆದರೆ ಬಿಸಿಲಿಗೆ ಪಾಲಿಯೆಸ್ಟರ್ ಮೇಲು. ನನ್ನ ಬ್ಯಾಗ್ ದಿನವಿಡೀ ಬಿಸಿಲಲ್ಲೇ ಇರುತ್ತೆ. ಇದೇ ಇರಲಿ ಅಂದೆ.

ಆಮೇಲೆ ನನ್ನ ಪರೀಕ್ಷೆ. ಮೊದಲು ಬೆಲ್ಟ್. ಹಳೆಯದರ ಬೆಲ್ಟನ್ನು ಮೇಲಂಚಿಗೆ ಸುಮ್ನೆ ಸೇರಿಸಿ ಹೊಲಿದಿದ್ದರು, ಎರಡು ಸಲ ಕಿತ್ತು ಬಂತು. ಒಂದು ಸಲ ಅಶೋಕ ರಸ್ತೆಯ ರೈಲ್ವೆ ಗೇಟಿನ ಹತ್ತಿರ, ಗೇಟು ತೆರೆದು ಹಿಂದಿನವರೆಲ್ಲ ಹಾರ್ನ್ ಹೊಡೆಯುವಾಗ. ಇದರದ್ದು ಪಕ್ಕದ ಪಟ್ಟಿಯ ಉದ್ದಕ್ಕೂ ಇಳಿದು ತಳದವರೆಗೆ ಹೋಗಿದೆ. ಕೂಡುವ ಜಾಗದಲ್ಲಿ ಚೌಕ ಹೊಲಿದು ಮಧ್ಯೆ ಗುಣಾಕಾರದ ಗುರುತಿನ ಹೊಲಿಗೆ ಹಾಕಿದ್ದಾರೆ. ಅಗಲ ಎರಡು ಇಂಚು. ಕೊಕ್ಕೆ ಕಬ್ಬಿಣದ್ದು. ಜಿಪ್ಪಿನ ರನ್ನರ್ ತಿರುಗಿಸಿದರೆ ಹಿಂದೆ 8 ಅಂತಿತ್ತು. ಮುಚ್ಚಿದ ಹಲ್ಲಿನ ಅಗಲ ಸುಮಾರು 8 ಮಿ.ಮೀ. ಅಂತ ಅರ್ಥ. ಹಳೆಯದು 5. ಮೇಲೆ ದೊಡ್ಡ ಮಡಿಕೆ, ಒಂದೇ ಬಕಲ್, ಒಂದೇ ಕೈಯಲ್ಲಿ ಬಿಚ್ಚಬಹುದು. ವೆಲ್ಕ್ರೋ ಇಲ್ಲದ್ದು ಪುಣ್ಯ. ರೈತರ ಮನೆಯಲ್ಲಿ ಮಾತಾಡುವಾಗ ಪರ್ರ್ ಅಂತ ಸದ್ದು ಮಾಡುತ್ತಾ ಬ್ಯಾಗ್ ತೆಗೆಯೋದು ನನಗೆ ಆಗಲ್ಲ.

ಫೋಲ್ಡರ್ ಒಳಗೆ ಹಾಕಿ ನೋಡಿದೆ. ಬಗ್ಗದೆ ಕೂತಿತು. ಅಂಗಡಿಯಾತನ ಒಪ್ಪಿಗೆ ಕೇಳಿ, ಬ್ಯಾಗ್ ಅಡ್ಡ ಹಾಕಿಕೊಂಡು ನನ್ನ ಬೈಕಿನ ಮೇಲೆ ಕೂತೆ. ಇದನ್ನು ಯಾರೂ ಮಾಡಲ್ಲ, ಮಾಡಬೇಕು. ಬೆಲ್ಟ್ ಉದ್ದ ಬಿಟ್ಟರೆ ಬ್ಯಾಗ್ ಸೊಂಟದಿಂದ ಜಾರಿ ಸೈಲೆನ್ಸರಿಗೆ ತಾಗುತ್ತೆ. ಹಳೆಯದರ ಒಂದು ಮೂಲೆ ಹಾಗೇ ಕರಗಿ ಗಂಟಾಗಿದೆ. ಗಿಡ್ಡ ಮಾಡಿ ಬೆನ್ನಿಗೆ ತಳ್ಳಿದೆ, ನಿಂತಿತು.

ಎರಡು ಬಣ್ಣ ಇದ್ದವು. ಹೊರಗೆ ಎರಡೂ ಕಪ್ಪು. ಒಳಗೆ ಒಂದಕ್ಕೆ ಕಪ್ಪು ಲೈನಿಂಗ್, ಇನ್ನೊಂದಕ್ಕೆ ತಿಳಿ ಹಳದಿ. ಕಪ್ಪು ಬ್ಯಾಗಿನ ಒಳಗೆ ಕಪ್ಪು ಪೆನ್ನು ಹುಡುಕುವುದು ಬಾವಿಯಲ್ಲಿ ಬಿಂದಿಗೆ ಹುಡುಕಿದ ಹಾಗೆ. ಹಳದಿಯದ್ದೇ ತಗೊಂಡೆ. 900 ಹೇಳಿದ, 820ಕ್ಕೆ ಕೊಟ್ಟ. ಅಪ್ಪ ಇದ್ದಿದ್ದಕ್ಕೆ ಆ 80.

ಚಪ್ಪಲಿ ರಿಪೇರಿಯವರ ಹತ್ತಿರ ಹಳೆಯ ಬ್ಯಾಗನ್ನೂ ಕೊಟ್ಟೆ. ಅವರು ಜಿಪ್ಪನ್ನು ಬದಲಿಸಲಿಲ್ಲ. "ಹಲ್ಲು ಚೆನ್ನಾಗವೆ ಸಾರ್, ರನ್ನರ್ ಬಾಯಿ ಬಿಟ್ಟೈತೆ" ಅಂತ ಇಕ್ಕಳದಲ್ಲಿ ಎರಡೂ ಕಡೆ ಮೆಲ್ಲಗೆ ಅದುಮಿದರು, ಸರಿಯಾಯಿತು. ಬೆಲ್ಟಿಗೆ ಚರ್ಮದ ತುಂಡು ಕೊಟ್ಟು ಹೊಲಿದರು. ಚಪ್ಪಲಿಯದೂ ಸೇರಿ 70 ರೂಪಾಯಿ. ಹಳೆಯದು ಇನ್ನು ಅಪ್ಪನ ತರಕಾರಿ ಬ್ಯಾಗ್ ಅಂತೆ. ಜೋಳಿಗೆ ಮಾತು ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಹೆಂಡತಿ ಬ್ಯಾಗ್ ಬಿಚ್ಚಿ ನೋಡಿ, "ರೀ, ಒಳಗಡೆ ಹಳದಿ ಯಾಕ್ರೀ? ಸಾರು ಚೆಲ್ಲಿದ್ರೆ?" ಅಂದಳು. ಡಬ್ಬಿ ನೆಟ್ಟಗೆ ಮುಚ್ಚಿದರೆ ಯಾಕೆ ಚೆಲ್ಲುತ್ತೆ ಅಂದೆ.

21 ಜೂನ್, ಶನಿವಾರ. ಸೇರಿಸಿದ್ದು:

ಬುಧವಾರ ಅದೇ ದಾರಿಯಲ್ಲಿ ಅರ್ಧ ಗಂಟೆ ಮಳೆ. ಅಜ್ಜನ ಹೆಬ್ಬೆಟ್ಟಿನ ಕಾಗದ ಹನಿಯೂ ತಾಗದೆ ಬಂತು. ತೂಕ ಇನ್ನೂ ಎರಡೂವರೆ ಕೆ.ಜಿ. ದಾಟಿಲ್ಲ. ದಿನ ಬಿಟ್ಟು ದಿನ ಹೆಗಲು ಬದಲಿಸುತ್ತಿದ್ದೇನೆ, ಮರೆಯದಿದ್ದರೆ.

ಶುಕ್ರವಾರ ಸಾರು ಚೆಲ್ಲಿತು.