ಒಂದು ಟಿಎಂಸಿ ಅಂದ್ರೆ ಎಷ್ಟು ನೀರು?

"ಬಿ.ಎಸ್ಸಿ. ತನಕ ಗಣಿತ ಓದೀದಿ. ಹೈಸ್ಕೂಲ್ ಹುಡುಗ್ರಿಗೆ ಕಲಿಸಾಕ ಮತ್ತ ಎರಡು ವರ್ಷ ಯಾಕವ್ವ?" ಅಂತ ನಮ್ಮ ಸೋದರಮಾವ ಈಗಲೂ ಕೇಳುತ್ತಾರೆ. 2015ಕ್ಕೆ ಮೊದಲು ಬಿ.ಇಡಿ. ಒಂದೇ ವರ್ಷದ್ದು. ಈಗ ನಾಲ್ಕು ಸೆಮಿಸ್ಟರ್, ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು. ಮಾವನಿಗೆ ನಾನು ಕೊಡುವ ಉತ್ತರ ಆ 20 ವಾರಗಳೇ.

ನಮ್ಮೂರು ಕೊಪ್ಪಳ ಜಿಲ್ಲೆಯ ಕಾರಟಗಿ. ಡಿಗ್ರಿ ಮುಗಿದ ಮೇಲೆ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಭತ್ತ ತಂದ ರೈತರು ಚೀಟಿ ಹಿಡಿದು ನನ್ನ ಹತ್ತಿರ ಬರುತ್ತಿದ್ದರು. 75 ಕೆ.ಜಿ. ಚೀಲ, ತೇವಾಂಶ ಶೇಕಡಾ ಇಷ್ಟು, ಕಡಿತ ಇಷ್ಟು. "ಇದು ಬರೋಬರಿ ಐತೇನು ನೋಡವ್ವ" ಅನ್ನೋರು. ಎಸ್ಸೆಸ್ಸೆಲ್ಸಿ ಪಾಸಾದ ಮಗ ಪಕ್ಕದಲ್ಲೇ ನಿಂತಿರುತ್ತಿದ್ದ. ಅವನೂ ನನ್ನ ಮುಖವನ್ನೇ ನೋಡುತ್ತಿದ್ದ. ಶೇಕಡಾ ಲೆಕ್ಕವನ್ನು ಪರೀಕ್ಷೆಯಲ್ಲಿ ಬರೆದು ಬಂದವನು ಸ್ವಂತ ಚೀಟಿಯ ಮೇಲೆ ಮಾಡಲಾರ ಅಂದರೆ ನನಗೆ ಸಂಕಟವಾಗುತ್ತಿತ್ತು. ಮಿಲ್ಲು ಬಿಟ್ಟು ಬಿ.ಇಡಿ. ಸೇರಿದ್ದು ಅದಕ್ಕೇ.

ಈಗ ಕಾಲುವೆ ಪಕ್ಕದ ಒಂದು ಹಳ್ಳಿಯ ಶಾಲೆಯಲ್ಲಿ ಇಂಟರ್ನ್‌ಶಿಪ್. ಒಂಬತ್ತನೇ ಕ್ಲಾಸಿಗೆ ಘನಫಲದ ಪಾಠ. ಪಾಠಯೋಜನೆ, ರಟ್ಟಿನ ಡಬ್ಬಿ ಎಲ್ಲ ಸಿದ್ಧವಿತ್ತು. ಉದ್ದ, ಅಗಲ, ಎತ್ತರ ಗುಣಿಸಿ ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಟೀಚರ್, ಟಿವಿಯಾಗ ದಿನಾ ಟಿಎಂಸಿ ಟಿಎಂಸಿ ಅಂತಾರಲ್ರೀ. ಅದು ಎಷ್ಟ್ ನೀರ್ರೀ?"

ಡಬ್ಬಿ ಪಕ್ಕಕ್ಕಿಟ್ಟೆ. ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಲೆಕ್ಕದಲ್ಲಿ 100 ಕೋಟಿ ಘನ ಅಡಿ. ಬೋರ್ಡಿನ ಮೇಲೆ ಒಂದರ ಮುಂದೆ ಒಂಬತ್ತು ಸೊನ್ನೆ ಬರೆದೆವು. ಆದರೆ ಸೊನ್ನೆ ನೋಡಿದರೆ ನೀರು ಕಾಣಲ್ಲ ಅಲ್ವಾ? ಮಕ್ಕಳೇ ಟೇಪ್ ಹಿಡಿದು ತಮ್ಮ ಕ್ಲಾಸ್‌ರೂಮು ಅಳೆದರು. ಹೆಚ್ಚುಕಡಿಮೆ 25 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ. 5,000 ಘನ ಅಡಿ. ಅಂದರೆ ಇಂಥ 2 ಲಕ್ಷ ರೂಮು ತುಂಬಿದರೆ ಒಂದು ಟಿಎಂಸಿ. ತುಂಗಭದ್ರಾ ಡ್ಯಾಮಿನಲ್ಲಿ ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಕಟ್ಟಿದಾಗ ಸುಮಾರು 133 ಇತ್ತು, ಉಳಿದ ಜಾಗದಲ್ಲಿ ಹೂಳು ಕೂತಿದೆ. "ಹಂಗಾರ ಶೇಕಡಾ ಎಷ್ಟು ಹೋತು?" ಅಂತ ಒಬ್ಬ ತಾನೇ ಕೇಳಿ ತಾನೇ ಭಾಗಿಸಿದ. ಶೇಕಡಾ 21. ನನಗೆ ಮಿಲ್ಲಿನ ಆ ಚೀಟಿಗಳು ನೆನಪಾದವು.

ಆಮೇಲೆ ಹೊಲಕ್ಕೆ ಬಂದೆವು. ಗುಂಟೆ ಅಂದರೆ 33 ಅಡಿ ಚೌಕ, 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ, 43,560 ಚದರ ಅಡಿ. ಇದನ್ನು ನಾನು ಹೇಳಿಕೊಡಬೇಕಾಗಿ ಬರಲಿಲ್ಲ, ಅರ್ಧ ಕ್ಲಾಸಿಗೆ ಗುಂಟೆ ಗೊತ್ತು. ಒಂದು ಅಡಿ ಆಳಕ್ಕೆ ನೀರು ನಿಲ್ಲಿಸಿದರೆ ಒಂದು ಟಿಎಂಸಿ ಸುಮಾರು 23 ಸಾವಿರ ಎಕರೆಗೆ ಆಗುತ್ತದೆ. ಇನ್ನು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾಗಿ 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಖಾಲಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಮನೆಯಲ್ಲಿ ಹಿರಿಯರು ಯಾಕೆ ಅಷ್ಟು ಗಾಬರಿಯಾಗಿದ್ದರು ಅನ್ನೋದು ಆವತ್ತು ಆ ಮಕ್ಕಳಿಗೆ ಅಂಕಿಯಲ್ಲಿ ಸಿಕ್ಕಿತು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಕಷ್ಟದ ಗಣಿತ ಇದರಲ್ಲಿ ಏನೂ ಇಲ್ಲ, ಗುಣಾಕಾರ ಭಾಗಾಕಾರ ಅಷ್ಟೇ. ನನ್ನ ಡಿಗ್ರಿಯ ಪುಸ್ತಕದಲ್ಲಂತೂ ಇದು ಇರಲಿಲ್ಲ. ಮಗು ಕೇಳಿದ ಪ್ರಶ್ನೆಯನ್ನು ಹಿಡಿದು, ಆವತ್ತಿನ ಪಾಠ ತಪ್ಪದ ಹಾಗೆ ನಡೆಸಿಕೊಂಡು ಹೋಗುವುದು ಬೇರೆಯದೇ ಕೆಲಸ. ಅದನ್ನು ಮಕ್ಕಳ ಮುಂದೆ ನಿಂತೇ ಕಲಿಯಬೇಕು.

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಓದು ಇದರ ಜೊತೆಗೇ ನಡೆದಿದೆ. ಆರರಿಂದ ಎಂಟನೇ ತರಗತಿಗೆ ಎರಡನೇ ಪತ್ರಿಕೆ, 150 ಅಂಕ. ಗಣಿತ ವಿಜ್ಞಾನಕ್ಕೆ 60, ಶಿಶು ವಿಕಾಸ ಮತ್ತು ಬೋಧನೆಗೆ 30, ಉಳಿದದ್ದು ಎರಡು ಭಾಷೆಗಳಿಗೆ. ನಮ್ಮ ಕಡೆ ಬಹಳ ಜನ ಆ 30 ಅಂಕಕ್ಕೆ ಮನೋವಿಜ್ಞಾನಿ ಪಿಯಾಜೆ ಹೇಳಿದ ಮಕ್ಕಳ ಬುದ್ಧಿ ಬೆಳೆಯುವ ಹಂತಗಳನ್ನು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಶಾಲೆಗೆ ಹೋಗುವ ದಿನಗಳಲ್ಲೇ ಆ ಭಾಗ ಓದಿ ನೋಡಿ. ಬೆಳಿಗ್ಗೆ ಕಂಡ ಮಗುವನ್ನು ಸಂಜೆ ಪುಸ್ತಕದಲ್ಲಿ ಗುರುತಿಸಿದರೆ ಮರೆಯೋದಿಲ್ಲ. ಹೈಸ್ಕೂಲ್ ಹುದ್ದೆ ಬೇಕು ಅನ್ನೋರು ಭೌತ, ರಸಾಯನವನ್ನೂ ಬಿಡಬೇಡಿ. ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕರು ಗಣಿತದ ಜೊತೆ ವಿಜ್ಞಾನವನ್ನೂ ಕಲಿಸಬೇಕಾಗುತ್ತದೆ. ನಮ್ಮ ಕಲ್ಯಾಣ ಕರ್ನಾಟಕದವರು ಈ ಭಾಗದವರಿಗೆ ಹುದ್ದೆಗಳಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಮುಂದಿನ ವಾರ ಮಕ್ಕಳನ್ನು ಶಾಲೆ ಹಿಂದಿನ ಹೊಲಗಾಲುವೆಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ದೊಡ್ಡ ಕಾಲುವೆ ಬೇಡ, ಅಲ್ಲಿ ಸೆಳೆತ ಜಾಸ್ತಿ. ಕಾಲುವೆಯ ಅಡ್ಡಕೊಯ್ತ ತ್ರಾಪಿಜ್ಯ, ಅದರ ವಿಸ್ತೀರ್ಣ ಅವರಿಗೆ ಬರುತ್ತದೆ. ಒಣಗಿದ ಕಡ್ಡಿ ಬಿಟ್ಟು 20 ಅಡಿ ಸಾಗಲು ಎಷ್ಟು ಸೆಕೆಂಡು ಅಂತ ನೋಡಿದರೆ ವೇಗ ಸಿಗುತ್ತದೆ. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ ಆ ವೇಗವನ್ನು 0.85ರಿಂದ ಗುಣಿಸಬೇಕು. ವಿಸ್ತೀರ್ಣಕ್ಕೆ ಈ ವೇಗ ಗುಣಿಸಿದರೆ ಕ್ಯೂಸೆಕ್. ಹೆಡ್‌ಮಾಸ್ಟರ್ ಒಪ್ಪಿದ್ದಾರೆ. ನೀರು ಬಿಡುವ ವಾರ ಯಾವುದು ಅಂತ ಒಬ್ಬ ಹುಡುಗನ ಅಪ್ಪ ವಿಚಾರಿಸಿ ಹೇಳುತ್ತೇನೆ ಅಂದಿದ್ದಾರೆ.