ಈ ಬಣ್ಣ ನನ್ನದಲ್ಲ

ಡಿಜಿಟಲ್ ಕಲಾವಿದರು ತಮ್ಮ ಕೃತಿಗಳನ್ನು ನೇರವಾಗಿ ಮಾರಲೆಂದು ನಾವು ಕಟ್ಟಿದ ಆನ್‌ಲೈನ್ ಮಾರುಕಟ್ಟೆ ತೆರೆದ ದಿನ, ಎಲ್ಲರ ಕಣ್ಣೂ ಪಾವತಿ ಗೇಟ್‌ವೇ ಮೇಲಿತ್ತು. ಹಣ ಬಂತೆಂದು ಗೇಟ್‌ವೇ ಕಳುಹಿಸುವ ವೆಬ್‌ಹುಕ್ ಸಂದೇಶ ಒಂದೇ ಮಾರಾಟಕ್ಕೆ ಎರಡು ಬಾರಿ ಬಂದರೂ ಮಾರಾಟ ಒಂದೇ ದಾಖಲಾಗಬೇಕು, ಹಣ ಖಚಿತವಾಗುವ ಮೊದಲು ಡೌನ್‌ಲೋಡ್ ಕೊಂಡಿ ಹೊರಬೀಳಬಾರದು, ಅವಧಿ ಮುಗಿದ ಕೊಂಡಿ ತೆರೆಯಬಾರದು. ಇವನ್ನೆಲ್ಲ ಸ್ಟೇಜಿಂಗ್‌ನಲ್ಲಿ, ಅಂದರೆ ಬಿಡುಗಡೆಗೆ ಮುನ್ನ ಪರೀಕ್ಷಿಸುವ ನಕಲು ತಾಣದಲ್ಲಿ, ಸಾಕೆನಿಸುವಷ್ಟು ಪರೀಕ್ಷಿಸಿದ್ದೆವು. ಅಲ್ಲಿ ಯಾವ ತೊಡಕೂ ಬರಲಿಲ್ಲ. ಮೊದಲ ದೂರು ಬಂದದ್ದು ಒಬ್ಬ ಹಿರಿಯ ಚಿತ್ರಕಾರ್ತಿಯಿಂದ, ಒಂದೇ ಸಾಲಿನಲ್ಲಿ: "ಈ ಬಣ್ಣ ನನ್ನದಲ್ಲ."

ಕಲಾವಿದರನ್ನು ಕರೆತರುವ ಹೊಣೆ ನನ್ನದು. 2022ರಲ್ಲಿ ಪದಗಳಿಂದ ಚಿತ್ರ ತಯಾರಿಸುವ ಎಐ ಮಾದರಿಗಳು ಎಲ್ಲರ ಕೈಗೂ ಸಿಕ್ಕಿದ ಮೇಲೆ, ಹೊಸ ಜಾಲತಾಣವೊಂದಕ್ಕೆ ಕೃತಿಯನ್ನು ಏರಿಸುವುದೆಂದರೆ ಇವರಿಗೆ ಅಳುಕು. ಮೂಲ ಫೈಲ್ ಎಲ್ಲಿರುತ್ತದೆ, ಅದನ್ನು ಯಾರು ತೆರೆಯಬಹುದು, ವೈಯಕ್ತಿಕ ಬಳಕೆಯ ಲೈಸೆನ್ಸ್ ಕೊಂಡವರು ಚಿತ್ರವನ್ನು ಅಚ್ಚುಹಾಕಿಸಿ ಮಾರಲು ಹೊರಟರೆ ನೀವೇನು ಮಾಡುತ್ತೀರಿ ಎಂದು ಒಬ್ಬೊಬ್ಬರೂ ಕೇಳಿದ್ದರು. ಕೇಳುವುದು ಅವರ ಹಕ್ಕು. ಉತ್ತರ ಕೊಟ್ಟು, ಒಪ್ಪಂದದ ಷರತ್ತುಗಳನ್ನು ತಿದ್ದಿಸಿ, ಕೆಲವರಿಗೆ ಕರೆ ಮಾಡಿ ಗಂಟೆಗಟ್ಟಲೆ ಮಾತನಾಡಿ ಒಪ್ಪಿಸಿದ್ದೆ. ಅವರು ಬಂದದ್ದು ನಮ್ಮ ಮಾತನ್ನು ನಂಬಿ. ಹೀಗಿರುವಾಗ ಆ ಸಾಲನ್ನು ಓದಿ ನನ್ನ ಎದೆ ಹೊಡೆದುಕೊಂಡಿತು.

ಆದರೆ ನಾನು ಓದುವ ಮೊದಲೇ ಸಹಾಯ ವಿಭಾಗದಿಂದ ಸಿದ್ಧ ಉತ್ತರ ಹೊರಟುಹೋಗಿತ್ತು: ದಯವಿಟ್ಟು ನಿಮ್ಮ ಪರದೆಯ ಹೊಳಪು ಮತ್ತು ಬಣ್ಣದ ಹೊಂದಾಣಿಕೆಯನ್ನು ಪರಿಶೀಲಿಸಿಕೊಳ್ಳಿ. ಬಣ್ಣವೇ ಕಸುಬಾಗಿರುವವರಿಗೆ, ಪರದೆಯನ್ನು ಆಗಾಗ ಉಪಕರಣವಿಟ್ಟು ಅಳೆದುಕೊಳ್ಳುವವರಿಗೆ ನಾವು ಕಳುಹಿಸಿದ ಉತ್ತರ ಅದು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಇಂದಿಗೂ ಚುಚ್ಚುವುದು ಇದೊಂದೇ. ಯಂತ್ರದ ದೋಷಕ್ಕೆ ಕ್ಷಮೆ ಕೇಳಬಹುದು. ದೂರನ್ನು ಪರಿಶೀಲಿಸದೆ ದೂರಿದವರನ್ನೇ ಅನುಮಾನಿಸಿದ್ದಕ್ಕೆ ಯಾವ ಪದ ಹುಡುಕಲಿ?

ಅವರು ಸಿಟ್ಟಾಗಲಿಲ್ಲ. ಒಂದು ಸ್ಕ್ರೀನ್‌ಶಾಟ್ ಕಳುಹಿಸಿದರು. ಒಂದೇ ಪರದೆ, ಒಂದೇ ಬ್ರೌಸರ್, ಅಕ್ಕಪಕ್ಕ ಎರಡು ಕಿಟಕಿ. ಒಂದರಲ್ಲಿ ಅವರ ಮೂಲ ಫೈಲ್, ಇನ್ನೊಂದರಲ್ಲಿ ನಮ್ಮ ಪ್ರಿವ್ಯೂ, ಅಂದರೆ ಕೊಳ್ಳುವ ಮೊದಲು ನೋಡಲೆಂದು ನಮ್ಮ ತಾಣ ತಯಾರಿಸುವ ಪ್ರತಿ. ಮೂಲದಲ್ಲಿ ಕೆಂಡದಂತಿದ್ದ ಸಂಜೆಯ ಆಕಾಶ ನಮ್ಮಲ್ಲಿ ಒಗೆದು ಒಗೆದು ಮಾಸಿದ ಬಟ್ಟೆಯಂತಿತ್ತು. ಪರದೆಯ ದೋಷವೆಂದು ಹೇಳಲು ಜಾಗವೇ ಉಳಿದಿರಲಿಲ್ಲ. ಅಷ್ಟರಲ್ಲಿ ಇನ್ನೊಬ್ಬರದು ಬಂತು, ಅದರ ಹಿಂದೆಯೇ ಮತ್ತೊಂದು. ಒಬ್ಬ ಕಾಮಿಕ್ಸ್ ಕಲಾವಿದರ ಮುಖಪುಟವಂತೂ ನೆಗೆಟಿವ್‌ನಂತೆ ತಿರುಗಿ, ಪಾತ್ರಗಳ ಮುಖವೆಲ್ಲ ನೀಲಿಯಾಗಿ ನಿಂತಿತ್ತು. ಆ ನೀಲಿ ಮುಖಗಳು ಬಾರದಿದ್ದರೆ ನಮ್ಮ ಮ್ಯಾನೇಜರ್ ಇನ್ನೂ ಒಂದಿಷ್ಟು ಹೊತ್ತು ಪರದೆಯ ಮಾತನ್ನೇ ಆಡುತ್ತಿದ್ದರೇನೋ.

ಕಾರಣ ತಿಳಿಯಲು ತಡವಾಗಲಿಲ್ಲ. ಏರಿಸಿದ ಚಿತ್ರಗಳನ್ನು ಸಿದ್ಧಪಡಿಸುವ ಇಮೇಜ್ ಪೈಪ್‌ಲೈನಿನಲ್ಲಿ ಪ್ರಿವ್ಯೂ ತಯಾರಾಗುವಾಗ ಮೆಟಾಡೇಟಾವನ್ನೆಲ್ಲ, ಅಂದರೆ ಚಿತ್ರದ ಜೊತೆ ಫೈಲಿನಲ್ಲಿರುವ ಮಾಹಿತಿಯನ್ನೆಲ್ಲ, ಕಿತ್ತುಹಾಕುವ ಸ್ಟ್ರಿಪ್ ಆಯ್ಕೆ ಚಾಲನೆಯಲ್ಲಿತ್ತು. ಫೈಲಿನ ಅಂಕಿಗಳನ್ನು ಯಾವ ಬಣ್ಣಗಳಾಗಿ ಓದಬೇಕೆಂದು ಹೇಳುವ ಐಸಿಸಿ ಪ್ರೊಫೈಲನ್ನೂ ಅದು ಕಿತ್ತುಹಾಕುತ್ತಿತ್ತು. ಟ್ಯಾಬ್ಲೆಟ್ ಮೇಲೆ ಚಿತ್ರ ಬರೆಯುವವರಲ್ಲಿ ಬಹಳ ಮಂದಿ ಕೆಲಸ ಮಾಡುವುದು ಡಿಸ್‌ಪ್ಲೇ ಪಿ3 ಎಂಬ ಬಣ್ಣವ್ಯಾಪ್ತಿಯಲ್ಲಿ, ಮುದ್ರಣ ಮತ್ತು ಛಾಯಾಚಿತ್ರದ ಕಡೆಯಿಂದ ಬಂದವರು ಅಡೋಬಿ ಆರ್‌ಜಿಬಿಯಲ್ಲಿ. ಎರಡೂ ವೆಬ್‌ನಲ್ಲಿ ರೂಢಿಯಾಗಿರುವ ಎಸ್‌ಆರ್‌ಜಿಬಿಗಿಂತ ಅಗಲವಾದ ವ್ಯಾಪ್ತಿಯವು. ಪ್ರೊಫೈಲ್ ಇಲ್ಲದ ಚಿತ್ರವನ್ನು ಬ್ರೌಸರ್ ಎಸ್‌ಆರ್‌ಜಿಬಿ ಎಂದೇ ಭಾವಿಸುತ್ತದೆ. ಅಂಕಿಗಳು ಅವೇ ಇರುತ್ತವೆ, ಓದುವ ಅಳತೆಗೋಲು ಬದಲಾಗಿರುತ್ತದೆ, ಬಣ್ಣ ಸಪ್ಪೆಯಾಗುತ್ತದೆ. ಮುದ್ರಣದ ನಾಲ್ಕು ಶಾಯಿಗಳ ಲೆಕ್ಕದಲ್ಲಿ ಬಣ್ಣವನ್ನು ದಾಖಲಿಸುವ ಸಿಎಂವೈಕೆ ಜೆಪೆಗ್‌ನ ಕಥೆ ಬೇರೆ. ಫೋಟೊಶಾಪ್ ಅದರಲ್ಲಿ ಮೌಲ್ಯಗಳನ್ನು ತಿರುಗಿಸಿ ಬರೆಯುತ್ತದೆ; ಅದನ್ನು ಗಮನಿಸದೆ ಓದಿದರೆ ಕಾಣುವುದು ಆ ನೀಲಿ ಮುಖಗಳು.

ಸ್ಟ್ರಿಪ್ ಹಾಕಿದವರು ಅವಿವೇಕಿಗಳಲ್ಲ ಎಂಬುದನ್ನೂ ಹೇಳಬೇಕು. ಮುದ್ರಣಕ್ಕೆಂದು ಬಳಸುವ ಸಿಎಂವೈಕೆ ಪ್ರೊಫೈಲ್‌ಗಳು ಅರ್ಧ ಮೆಗಾಬೈಟನ್ನು ದಾಟುವುದುಂಟು. ಚಿತ್ರಕ್ಕಿಂತ ಪ್ರೊಫೈಲೇ ಭಾರವಾದ ಥಂಬ್‌ನೇಲ್‌ಗಳು ಗ್ಯಾಲರಿ ಪುಟದ ವೇಗವನ್ನು ಕೆಡಿಸುತ್ತಿದ್ದವು. ಫೋನಿನಲ್ಲಿ ತೆಗೆದ ಚಿತ್ರಗಳಲ್ಲಿ ಕಲಾವಿದರ ಮನೆಯ ಜಿಪಿಎಸ್ ಗುರುತು ಉಳಿದುಬಿಡುವ ಅಪಾಯವೂ ಇತ್ತು. ಎರಡೂ ನಿಜವಾದ ತೊಂದರೆಗಳೇ. ಆದರೆ ಬಿಡುಗಡೆಗೆ ಮುನ್ನ ಮೇಲಿನಿಂದ ಬಂದ ಒಂದೇ ಒಂದು ಗುರಿ ಪುಟದ ವೇಗ. ಆ ಒತ್ತಡದಲ್ಲಿ ಯಾವುದನ್ನು ಉಳಿಸಬೇಕೆಂದು ಕೇಳಲು ಯಾರಿಗೂ ಪುರುಸೊತ್ತು ಕೊಡಲಿಲ್ಲ. ತಂಡದ ಚುಟುಕು ಸಭೆಯಾದ ಸ್ಟ್ಯಾಂಡಪ್‌ನಲ್ಲಿ ಅದು ಒಂದು ಸಾಲಾಗಿ ಬಂದು ಹೋಯಿತು. ಚಿತ್ರ ಹೇಗೆ ಕಾಣುತ್ತದೆ ಎಂಬುದನ್ನು ಬದಲಿಸುವ ಕೋಡನ್ನು ಕಲಾವಿದರ ಕಡೆಯವರು ನೋಡಿ ಒಪ್ಪಬೇಕೆಂಬ ನಿಯಮ ಕಂಪನಿಯಲ್ಲಿ ಇರಲೇ ಇಲ್ಲ. ಪರೀಕ್ಷೆಗೆ ಬಳಸಿದ ಫೈಲ್‌ಗಳೆಲ್ಲ ಸ್ಟಾಕ್ ಫೋಟೊಗಳು, ಎಲ್ಲವೂ ಎಸ್‌ಆರ್‌ಜಿಬಿ. ಒಬ್ಬನೇ ಒಬ್ಬ ಚಿತ್ರಕಾರನ ನಿಜವಾದ ಫೈಲ್ ಆ ಫೋಲ್ಡರಿನಲ್ಲಿ ಇರಲಿಲ್ಲ.

ಮುಂದಿನ ಒಂದು ಗಂಟೆಯನ್ನು ನಾನು ಮರೆಯಲಾರೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಪುಟಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮೂಡುತ್ತಿದ್ದವು, ಮಾರಾಟ ನಡೆಯುತ್ತಿತ್ತು. "ಜಾಹೀರಾತು ಹೊರಟಾಗಿದೆ, ಈಗ ಯಾವುದನ್ನೂ ನಿಲ್ಲಿಸಲಾಗದು, ನಾಳೆ ನೋಡೋಣ" ಎಂದರು ಮ್ಯಾನೇಜರ್. "ಸರ್, ಮುಖಪುಟದಲ್ಲಿ ನಾವು ಮೆರೆಸುತ್ತಿರುವುದು ಅವರ ಕೆಲಸವೇ ಅಲ್ಲ" ಎಂದೆ. ಅವರು ಡ್ಯಾಶ್‌ಬೋರ್ಡಿನತ್ತ ಕೈ ತೋರಿದರು. ನಾನು ಆ ಸ್ಕ್ರೀನ್‌ಶಾಟನ್ನು ಸಭೆಯ ದೊಡ್ಡ ಪರದೆಗೆ ಹಾಕಿದೆ. ಕೊಠಡಿ ಸುಮ್ಮನಾಯಿತು. ಮಾತನಾಡಿದವರು ವಿನ್ಯಾಸ ವಿಭಾಗದ ಸಹೋದ್ಯೋಗಿ: "ಇದು ನನ್ನ ಚಿತ್ರವಾಗಿದ್ದರೆ ನಾನು ಈಗಲೇ ಅಳಿಸಿಹಾಕುತ್ತಿದ್ದೆ." ಅದೇ ಹೊತ್ತಿಗೆ ಸರಿಯಾಗಿ ಒಬ್ಬ ಕಲಾವಿದರು ತಮ್ಮ ಪೂರ್ತಿ ಪುಟವನ್ನು ಅಳಿಸಿ ಹೊರಟೇಬಿಟ್ಟಿದ್ದರು. ಆ ನೋಟಿಫಿಕೇಶನ್ ಬಂದ ಮೇಲೆಯೇ ಆಯ್ದ ಕೃತಿಗಳ ಪುಟವನ್ನು ಮುಚ್ಚಲು ಒಪ್ಪಿಗೆ ಸಿಕ್ಕಿತು, ದೋಷ ಪಿ1, ಅಂದರೆ ಅತಿ ತುರ್ತಿನದು, ಎಂದು ದಾಖಲಾಯಿತು.

ತಿದ್ದುಪಡಿ ಚಿಕ್ಕದು. ಆರ್‌ಜಿಬಿ ಫೈಲ್‌ಗಳ ಪ್ರೊಫೈಲನ್ನು ಹಾಗೆಯೇ ಉಳಿಸುವುದು. ಡಿಸ್‌ಪ್ಲೇ ಪಿ3 ಪ್ರೊಫೈಲ್ ತೂಗುವುದು ಸುಮಾರು ಅರ್ಧ ಕಿಲೋಬೈಟ್, ಅದರಿಂದ ಯಾವ ಪುಟವೂ ನಿಧಾನವಾಗುವುದಿಲ್ಲ. ಸಿಎಂವೈಕೆ ಫೈಲ್‌ಗಳನ್ನು ಅವುಗಳ ಪ್ರೊಫೈಲ್ ಓದಿ ಎಸ್‌ಆರ್‌ಜಿಬಿಗೆ ಸರಿಯಾಗಿ ಪರಿವರ್ತಿಸುವುದು. ಜಿಪಿಎಸ್ ಮಾತ್ರ ತೆಗೆಯುವುದು. ಕಷ್ಟವಾದದ್ದು ಹಳೆಯ ಪ್ರಿವ್ಯೂಗಳನ್ನು ತೊಲಗಿಸುವುದು. ಯುಆರ್‌ಎಲ್ ಬದಲಾಗದಿದ್ದರಿಂದ ಚಿತ್ರಗಳ ಪ್ರತಿಯಿಟ್ಟುಕೊಂಡು ಬೇಗ ತಲುಪಿಸುವ ಸರ್ವರ್ ಜಾಲ, ಸಿಡಿಎನ್, ಹಳೆಯದನ್ನೇ ಕೊಡುತ್ತಿತ್ತು. ಅಲ್ಲಿಂದ ಅಳಿಸಿದರೂ ಜನರ ಬ್ರೌಸರ್ ಉಳಿಸಿಟ್ಟುಕೊಳ್ಳುವ ಕ್ಯಾಶ್‌ನಲ್ಲಿ ಅದು ಕೂತಿತ್ತು. ಕೊನೆಗೆ ಯುಆರ್‌ಎಲ್‌ನಲ್ಲಿ ಆವೃತ್ತಿ ಸಂಖ್ಯೆ ಸೇರಿಸಿ ಎಲ್ಲವನ್ನೂ ಮತ್ತೆ ಕ್ಯೂಗೆ ಹಾಕಿದೆವು. ಸಾಮಾಜಿಕ ಜಾಲತಾಣಗಳಲ್ಲಿ ಕಲಾವಿದರು ಅಂದು ಸಂಭ್ರಮದಿಂದ ಹಂಚಿಕೊಂಡಿದ್ದ ಕೊಂಡಿಗಳ ಚಿತ್ರಗಳು ಆ ತಾಣಗಳ ಸರ್ವರ್‌ಗಳಿಗೆ ಆಗಲೇ ಸೇರಿದ್ದವು. ಅಲ್ಲಿಗೆ ನಮ್ಮ ಕೈ ತಲುಪುವುದಿಲ್ಲ. ಅವರ ಅಭಿಮಾನಿಗಳು ಮೊದಲ ಬಾರಿಗೆ ನೋಡಿದ್ದು ಸಪ್ಪೆ ಬಣ್ಣವನ್ನೇ.

ಇಷ್ಟೆಲ್ಲ ನಡೆಯುವಾಗ ಕಾನೂನು ವಿಭಾಗದವರು ಇನ್ನೊಂದನ್ನು ಹಿಡಿದರು. ಬಣ್ಣದಷ್ಟೇ ಗಂಭೀರವಾದದ್ದು, ಯಾರ ಕಣ್ಣಿಗೂ ಬೀಳದಿದ್ದದ್ದು. ಸ್ಟ್ರಿಪ್ ಮೆಟಾಡೇಟಾದಲ್ಲಿರುವ ಐಪಿಟಿಸಿ ಎಂಬ ಕ್ಷೇತ್ರಗಳನ್ನೂ ಅಳಿಸುತ್ತಿತ್ತು. ಕಲಾವಿದರ ಹೆಸರು, ಕಾಪಿರೈಟ್ ಸೂಚನೆ, ಲೈಸೆನ್ಸ್ ಕೊಂಡಿ ಇರುವುದು ಅಲ್ಲಿ. 1996ರ ವಿಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಕಾಪಿರೈಟ್ ಒಪ್ಪಂದದ 12ನೆಯ ವಿಧಿ ಇಂತಹ ಹಕ್ಕು ಮಾಹಿತಿಯನ್ನು ತಿಳಿದೂ ತಿಳಿದೂ ತೆಗೆದುಹಾಕುವುದರ ವಿರುದ್ಧ ರಕ್ಷಣೆ ಕೊಡಬೇಕೆಂದು ಸದಸ್ಯ ದೇಶಗಳಿಗೆ ಹೇಳುತ್ತದೆ. ನಾವು ತಿಳಿದು ಮಾಡಿರಲಿಲ್ಲ, ಸರಿ. ಆದರೆ ಕಲಾವಿದರ ಹಕ್ಕಿನ ಬಗ್ಗೆ ಮುಖಪುಟದಲ್ಲೇ ಬರೆದುಕೊಂಡವರು ಅವರ ಹೆಸರನ್ನು ಪ್ರತಿ ಪ್ರಿವ್ಯೂವಿನಿಂದ ಒರೆಸುತ್ತಿದ್ದೆವು. ಗೂಗಲ್ ಚಿತ್ರ ಹುಡುಕಾಟ 2020ರಿಂದ ಐಪಿಟಿಸಿಯ ಲೈಸೆನ್ಸ್ ಕ್ಷೇತ್ರವನ್ನು ಓದಿ, ಆ ಚಿತ್ರಕ್ಕೆ ಲೈಸೆನ್ಸ್ ಪಡೆಯಬಹುದೆಂಬ ಗುರುತು ತೋರಿಸುತ್ತದೆ. ಖರೀದಿದಾರರು ಬರಬಹುದಾದ ಒಂದು ದಾರಿಯನ್ನು ನಾವೇ ಮುಚ್ಚಿದ್ದೆವು.

ಕೊಳ್ಳುವವರ ಕಡೆಯ ಪರಿಣಾಮವೂ ಸಣ್ಣದಲ್ಲ. ಪ್ರಿವ್ಯೂ ನೋಡಿ ಕೊಂಡ ಒಬ್ಬರು, ಡೌನ್‌ಲೋಡ್ ಮಾಡಿದ ಮೂಲ ಫೈಲಿನ ಬಣ್ಣ ಬೇರೆ ಇದೆ ಎಂದು ಬ್ಯಾಂಕಿನ ಮೂಲಕ ಹಣ ಹಿಂದಕ್ಕೆ ಕೇಳುವ ಚಾರ್ಜ್‌ಬ್ಯಾಕ್ ಹಾಕಿದರು. ಕಲಾವಿದೆ ಕೊಟ್ಟದ್ದು ಸರಿಯಾದ ಫೈಲ್, ಕೊಂಡವರು ಕೇಳಿದ್ದೂ ನ್ಯಾಯವೇ. ನಡುವೆ ಸುಳ್ಳು ಹೇಳಿದ್ದು ನಮ್ಮ ಪ್ರಿವ್ಯೂ. ಆ ನಷ್ಟವನ್ನು ಕಲಾವಿದೆಯ ಖಾತೆಯಿಂದ ಕಡಿಯದಂತೆ ಮಾಡಲು ನಾನು ಹಣಕಾಸು ವಿಭಾಗದೊಂದಿಗೆ ಜಗಳವಾಡಬೇಕಾಯಿತು. ಆಡಿದೆ, ಕಡಿಯಲಿಲ್ಲ.

ಆ ಹಿರಿಯರಿಗೆ ನಾನೇ ಕರೆ ಮಾಡಿ ಕ್ಷಮೆ ಕೇಳಿದೆ. ಕಾರಣ ಕೇಳಿಸಿಕೊಂಡ ಅವರು, ತಮ್ಮ ಹಳೆಯ ಫೈಲ್‌ಗಳ ಒಂದು ಗೊಂಚಲನ್ನೇ ಪರೀಕ್ಷೆಗೆಂದು ಕಳುಹಿಸಿಕೊಟ್ಟರು: ಪಿ3, ಅಡೋಬಿ ಆರ್‌ಜಿಬಿ, ಸಿಎಂವೈಕೆ, ಹದಿನಾರು ಬಿಟ್, ಪ್ರೊಫೈಲೇ ಇಲ್ಲದ ಒಂದೆರಡು. ಈಗ ಪೈಪ್‌ಲೈನ್ ಮುಟ್ಟುವ ಯಾವ ಕೋಡೂ ಅವುಗಳ ಮೇಲೆ ಓಡದೆ ಮುಂದೆ ಹೋಗುವುದಿಲ್ಲ. ಸಹಾಯ ವಿಭಾಗದ ಆ ಸಿದ್ಧ ಉತ್ತರವನ್ನು ತೆಗೆಸಿದ್ದೇನೆ. ಕೃತಿ ಪ್ರಕಟವಾಗುವ ಮೊದಲು ಪ್ರಿವ್ಯೂವನ್ನು ಕಲಾವಿದರು ನೋಡಿ ಒಪ್ಪಿಗೆ ಒತ್ತುವ ಹಂತವೂ ಬಂದಿದೆ.

ಈಚಿನ ಸಭೆಯಲ್ಲಿ ಆ ಹಂತವನ್ನು ಕೈಬಿಡುವ ಪ್ರಸ್ತಾಪವಿತ್ತು. ಅಲ್ಲಿಗೆ ಬಂದವರಲ್ಲಿ ಹಲವರು ಒಪ್ಪಿಗೆ ಒತ್ತದೆ ಹೊರಟುಹೋಗುತ್ತಾರಂತೆ. ದಾಖಲೆ ತೆಗೆದು ನೋಡಿದೆ. ಹೊರಟವರಲ್ಲಿ ಬಹಳಷ್ಟು ಮಂದಿ ಫೈಲನ್ನು ತಿದ್ದಿಕೊಂಡು ಮತ್ತೆ ಬಂದು ಏರಿಸಿದ್ದಾರೆ, ಡ್ಯಾಶ್‌ಬೋರ್ಡ್ ಅದನ್ನು ಬೇರೆಯೇ ಕೃತಿಯೆಂದು ಎಣಿಸಿದೆ. ಮೊದಲು ಆ ಎಣಿಕೆಯನ್ನು ಸರಿಪಡಿಸಿ, ಆಮೇಲೆ ಹಂತ ತೆಗೆಯುವ ಮಾತಾಡೋಣ ಎಂದು ಬರೆದು ಕಳುಹಿಸಿದ್ದೇನೆ.